ಮೆಟ್ಟಿಲಿಗೆ ಮರಳು

ಬಿಟ್ಟು ಆರು ವರ್ಷ, ನಾಲ್ಕು ತಿಂಗಳು.
ಲೆಕ್ಕ ನನ್ನದು. ಅವನನ್ನು ಕೇಳಿದರೆ
ನಿನ್ನೆಯಷ್ಟೇ ಬಿಟ್ಟೆ ಎನ್ನಬಹುದು,
ನಾನು ಯಾವತ್ತು ಕುಡಿದೆ ಎಂದೂ ಕೇಳಬಹುದು,
ಆ ಹೊತ್ತಿನ ಗಾಳಿ ಇದ್ದಂತೆ.

ಪೆನಿಶ್ ಬಂದರಿನ ಗೋಡೆಗೊರಗಿ
ಬಲೆಗಳ ರಾಶಿಯಲ್ಲಿ ಅರ್ಧ ಹೂತು ಕೂತಿರುತ್ತಾನೆ ವೆನಾನ್ಸಿಯು.
ಹಲ್ಲಿನಲ್ಲಿ ದಾರದ ತುದಿ, ಹೆಬ್ಬೆರಳಿಗೆ ಸಿಕ್ಕಿಸಿದ ಬಲೆ,
ಕೈ ತನ್ನ ಪಾಡಿಗೆ ಗಂಟು ಹಾಕುತ್ತದೆ, ಒಂದೂ ತಪ್ಪದೆ.
ಕೈ ಕುಡಿದಿರಲಿಲ್ಲವೇನೋ.
ಎದ್ದು ಮನೆಗೆ ಹೊರಟರೆ ಮಾತ್ರ
ಬೇಕರಿಯ ಮೂಲೆಯಲ್ಲಿ ನಿಂತುಬಿಡುತ್ತಾನೆ,
ಎಡವೋ ಬಲವೋ ಎಂದು,
ಐವತ್ತೆಂಟು ವರ್ಷ ತುಳಿದ ಬೀದಿಯನ್ನೇ ಕೇಳುತ್ತ.
ಕಾಲಗಲಿಸಿ ನಡೆಯುತ್ತಾನೆ, ನೆಲವೂ ದೋಣಿಯೆಂಬಂತೆ.
ಪ್ರವಾಸಿಗರು ನೋಡಿ, ಬೆಳಿಗ್ಗೆಯೇ ಹಾಕಿದ್ದಾನೆ ಎನ್ನುತ್ತಾರೆ.
ಹಾಕುತ್ತಿದ್ದಾಗ ಎಷ್ಟು ನೆಟ್ಟಗೆ ನಡೆಯುತ್ತಿದ್ದ
ಅವರಿಗೇನು ಗೊತ್ತು.

ಒಂಬತ್ತು ದಿನ ನರಕ್ಕೆ ವಿಟಮಿನ್ ಇಳಿಸಿದರು.
ಒಂದಷ್ಟು ಮರಳಿ ಬರುತ್ತೆ, ಎಲ್ಲಾ ಅಲ್ಲ, ಅಂದಳು ಡಾಕ್ಟರು.
ನಮ್ಮಂಥವರಿಗೆ ತಿಳಿಯಲೆಂದು
ನೆನಪು ಬಲೆಯಂತೆ ತೂತಾಗಿದೆ ಅಂತಲೂ ಅಂದಳು.
ನಾನು ಬಾಯಿ ಬಿಡಲಿಲ್ಲ.
ಬಲೆಯ ತೂತು ಅಳತೆ ಹಿಡಿದು ಕಟ್ಟಿದ್ದು, ತಾಯಿ.
ಯಾವ ಮೀನು ಹಿಡಿಯಬೇಕು, ಯಾವ ಮರಿ ಬಿಡಬೇಕು,
ಅದಕ್ಕೆ ಗೊತ್ತಿರುತ್ತದೆ.
ಇದು ಇಲಿ ಕಡಿದದ್ದು.

ಬಂದದ್ದೂ ಉಂಟು, ಇಲ್ಲವೆನ್ನಬಾರದು.
ಹೋದ ವರ್ಷದಿಂದ ಒಲೆ ಆರಿಸುತ್ತಾನೆ.
ಒಮ್ಮೆ ಚೀಟಿಯಿಲ್ಲದೆ ಕೊತ್ತಂಬರಿ ತಂದ.
ಎರಡು ಕಟ್ಟು. ಆಮೇಲೆ ಹೋಗಿ ಇನ್ನೆರಡು.
ನಾಲ್ಕು ದಿನ ಕೊತ್ತಂಬರಿ ಸೂಪು ಕುಡಿದೆವು,
ಹಬ್ಬದಂತೆ.

ಆದರೆ ದಾರಿ ಬದಲಾದರೆ ಕಂಗೆಡುತ್ತಾನೆ.
ಮಂಗಳವಾರದ ಸಂತೆ ಬುಧವಾರಕ್ಕೆ ಹೋದರೆ
ಆ ವಾರವಿಡೀ ಅವನಿಗೆ ಬಟನ್ ತಪ್ಪಿ ಹಾಕಿದ ಅಂಗಿ.

ಇವತ್ತು ಜೆರ್ವಾಸಿಯು ಜೊತೆ ಹೋಗಿದ್ದೆ, ಎನ್ನುತ್ತಾನೆ,
ಬೆರ್ಲೆಂಗ ದ್ವೀಪದ ಆಚೆ. ಏನು ಗಾಳಿ ಅಂತೀಯ!
ಸುಳ್ಳಲ್ಲ ಇದು. ಅವನು ಸುಳ್ಳು ಹೇಳುವಾಗಿನ ಕಣ್ಣು
ಇಪ್ಪತ್ತು ವರ್ಷ ನೋಡಿದ್ದೇನೆ, ಬೇರೆ ಇರುತ್ತಿತ್ತು.
ಇದು ಚಳಿಗೆ ಕಿಟಕಿಯ ಸಂದಿಗೆ
ಕೈಗೆ ಸಿಕ್ಕ ಬಟ್ಟೆ ತುರುಕಿದ ಹಾಗೆ.
ಜೆರ್ವಾಸಿಯು ಮುಳುಗಿ ಹನ್ನೊಂದು ವರ್ಷವಾಯಿತು ಎಂದೆ, ಮೊದಲ ಸಲ.
ಮೇಜಿಗೆ ಹಣೆಯಿಟ್ಟು ಅತ್ತ.
ಮುಂದಿನ ವಾರವೂ ಹೇಳಿದೆ. ಆಗಲೂ ಅತ್ತ,
ಸುದ್ದಿ ಈಗ ತಾನೇ ಬಂದಂತೆ.
ಮೂರನೆಯ ಸಲ ಕೇಳಿದೆ: ಮೀನು ಸಿಕ್ಕಿತಾ?
ಸಿಕ್ಕಿತಂತೆ. ಬೇಕಾದಷ್ಟು.

ಆಸ್ಪತ್ರೆಯ ನಲವತ್ತೊಂದನೆಯ ದಿನ
ಅಂಗಳದ ಸಿಮೆಂಟ್ ಬೆಂಚಿನ ಮೇಲೆ
ಈ ಮಣಿಕಟ್ಟು ಹಿಡಿದು ಕ್ಷಮಿಸು ಅಂದಿದ್ದ.
ಯಾವ ರಾತ್ರಿ, ಯಾವ ಬಾಗಿಲು, ಎಲ್ಲ ತಾನೇ ಹೇಳಿದ್ದ.
ನಾನು ತಕ್ಷಣ ಏನೂ ಹೇಳಲಿಲ್ಲ.
ಉತ್ತರಕ್ಕೆ ಸಮಯವಿದೆ ಅಂದುಕೊಂಡಿದ್ದೆ.
ಈಗ ಆ ರಾತ್ರಿ ಅವನಲ್ಲಿಲ್ಲ. ಆ ಬೆಂಚೂ ಇಲ್ಲ.
ಮಾಡಿದ್ದು, ಒಪ್ಪಿದ್ದು, ನಾನು ಕೊಡದೆ ಉಳಿಸಿಕೊಂಡದ್ದು,
ಮೂರನ್ನೂ ಒಬ್ಬಳೇ ಹೊತ್ತು ಬೆಟ್ಟ ಹತ್ತುತ್ತೇನೆ,
ಈ ಊರಿನಲ್ಲಿ ಬೆಟ್ಟವೂ ಇಲ್ಲ.

ಜನವರಿಯ ಚಳಿಗೆ ಮಣಿಕಟ್ಟು ಸೆಳೆಯುತ್ತದೆ.
ಲೇಸ್ ಹೆಣೆಯುವ ಕಡ್ಡಿಗಳು ದಿಂಬಿನ ಮೇಲೆ
ಕಟಕಟ ಅನ್ನುವುದು ನಿಂತಾಗ
ತಲೆಯೆತ್ತಿ ಕೇಳುತ್ತಾನೆ:
ಕೈಗೆ ಏನಾಯಿತು, ದಿಯೊಲಿಂದಾ?

ಮೆಟ್ಟಿಲಲ್ಲಿ ಜಾರಿದೆ, ಎನ್ನುತ್ತೇನೆ.
ಆಗ ಎಲ್ಲರಿಗೂ ಹೇಳಿದ್ದು ಅದನ್ನೇ,
ನರ್ಸಿಗೆ, ಅತ್ತಿಗೆಗೆ, ಪಾದ್ರಿಗೆ.
ಒಬ್ಬರೂ ನಂಬಿರಲಿಲ್ಲ.

ಅವನು ನಂಬುತ್ತಾನೆ.
ಎದ್ದು ಬಕೆಟ್ ಹುಡುಕಿ, ಕಾಲಗಲಿಸುತ್ತ ತೀರಕ್ಕೆ ಹೋಗಿ
ಮರಳು ತಂದು ಮೆಟ್ಟಿಲಿಗೆಲ್ಲ ಎರಚುತ್ತಾನೆ,
ಇನ್ನು ಜಾರುವುದಿಲ್ಲ ನೀನು, ಎನ್ನುತ್ತಾನೆ.
ನಿನ್ನೆಯ ಮರಳು ಅಲ್ಲೇ ಇದೆ,
ಮೊನ್ನೆಯದೂ.
ಗುಡಿಸಬೇಕು. ಗುಡಿಸುತ್ತಿಲ್ಲ.